ಜಯಾ ನೋಡಲು ಹೋದ ಸೈಪ್ರಸ್ ಕಾಡು

ನಮ್ಮ ಪಕ್ಕದ ಮನೆಯ ಜಯಾಗೆ ಮರಗಿಡಗಳ ಹುಚ್ಚೇನೂ ಇರಲಿಲ್ಲ. ಕ್ಯಾರೊಲೈನಾದ ಈ ಕ್ಯಾರಿ ಊರಿಗೆ ಬಂದು ಹತ್ತು ವರ್ಷವಾದರೂ, ಮನೆ ಮುಂದಿನ ಮೇಪಲ್ ಕೆಂಪಾದಾಗ ಅವಳಿಗೆ ಕಾಣುತ್ತಿದ್ದದ್ದು ಎಲೆ ಗುಡಿಸುವ ಕೆಲಸ ಮಾತ್ರ. ಹುಚ್ಚು ಹಿಡಿಸಿದವನು ಅವಳ ಗಂಡ ಯಶವಂತ, ಅದೂ ತೈವಾನಿನಲ್ಲಿ ಕೂತು.

ಇಲ್ಲಿ ಕೆಲಸ ಹೋದ ಮೇಲೆ ಯಶವಂತನಿಗೆ ತೈವಾನಿನ ಒಂದು ಚಿಪ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಜಯಾ ಜೊತೆಗೆ ಹೋಗುವಂತಿರಲಿಲ್ಲ. ಅವಳ ಕೆಲಸದ ವೀಸಾ ನವೀಕರಣ ತೂಗಾಡುತ್ತಿತ್ತು. ಅದು ಮುಗಿಯುವ ತನಕ ದೇಶ ಬಿಡಬೇಡಿ ಎಂದು ವಕೀಲರು ಹೇಳಿಬಿಟ್ಟಿದ್ದರು. ಪ್ರತಿ ಡಿಸೆಂಬರಿನಲ್ಲಿ ಅವನು ಅಲ್ಲಿನ ಒಂದು ಕೆರೆಯ ಪಕ್ಕದ, ಚಳಿಗೆ ಎಲೆ ಕೆಂಪಾಗುವ ಸೈಪ್ರಸ್ ಮರಗಳ ಕಾಡಿಗೆ ಹೋಗಿ, ನೀರಿಗೆ ಬಿದ್ದ ಕೆಂಪು ನೆರಳಿನ ಫೋಟೋ ಕಳಿಸುತ್ತಿದ್ದ. ನನಗೆ ತೋರಿಸುವ ನೆಪದಲ್ಲಿ ಜಯಾ ತಾನೇ ಮತ್ತೆ ಮತ್ತೆ ನೋಡುತ್ತಿದ್ದಳು. ಮರವನ್ನಲ್ಲ, ಮೂಲೆಯಲ್ಲಿ ಎಲ್ಲಾದರೂ ಅವನ ಬೆರಳಾದರೂ ಬಿದ್ದಿದೆಯೇ ಎಂದು.

ಆಮೇಲೆ ಗೊತ್ತಾಯಿತು, ಆ ಜಾತಿಯ ಮರ ನಮ್ಮ ಕ್ಯಾರೊಲೈನಾ ಕಡೆಯದೇ ಅಂತೆ. ಕ್ಯಾರಿಯಿಂದ ಪೂರ್ವಕ್ಕೆ ಎರಡು ಗಂಟೆ ಹೋದರೆ ಅಂಥದೇ ಕೆರೆ, ನೀರಿಗೂ ಇಳಿದು ನಿಂತ ಅಂಥದೇ ಕಾಡು. ಕಳೆದ ಡಿಸೆಂಬರಿನಲ್ಲಿ ಯಶವಂತ ರಜೆಗೆ ಬರುವವನಿದ್ದ. ಆ ಕೆಂಪು ಮರದಡಿ ನಿಂತು, ಇನ್ನು ಹೋಗಬೇಡಿ, ಇಲ್ಲೇ ಕೆಲಸ ಹುಡುಕಿ ಎಂದು ಕೇಳಿಬಿಡುತ್ತೇನೆ ಎಂದಳು ಜಯಾ. ಅಡುಗೆಮನೆಯಲ್ಲಿ ಕೇಳಿದರೆ ಆಗದೇನಮ್ಮಾ ಎಂದು ನಾನು ರೇಗಿಸಿದೆ. ಅಲ್ಲಿ ಕೇಳಿದ್ದಕ್ಕೆಲ್ಲ ಅವನು ಹೂಂಗುಟ್ಟಿ ಎದ್ದುಹೋಗುತ್ತಾನಂತೆ.

ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಇಬ್ಬರೂ ಹೊರಟರು. ಪಾಪ, ಅವಳು ನಂಬಿದ್ದು ತೈವಾನಿನ ಫೋಟೋಗಳನ್ನು. ಅಲ್ಲಿ ಡಿಸೆಂಬರಿನಲ್ಲಿ ಕೆಂಪಾಗುವ ಮರ ಇಲ್ಲಿ ನವೆಂಬರ್ ಮುಗಿಯುವುದರೊಳಗೆ ಎಲೆಯೆಲ್ಲ ಉದುರಿಸಿಕೊಂಡಿರುತ್ತದೆ. ಕೆರೆಯ ತುಂಬ ಬೂದು ಬಣ್ಣದ ಬರೀ ಕಾಂಡಗಳು ನಿಂತಿದ್ದವು. ಯಶವಂತ ನಕ್ಕು, ಫೋನ್ ತೆರೆದು, ಇಲ್ಲಿ ನೋಡು, ಹೀಗಿರಬೇಕಿತ್ತು ಎಂದು ತನ್ನ ಫೋಟೋಗಳನ್ನೇ ತೋರಿಸಿದನಂತೆ. ಜಯಾಳ ಬಾಯಿಗೆ ಬಂದ ಮಾತು ಹಾಗೇ ಒಳಕ್ಕೆ ಹೋಯಿತು. ಊಟ ಮುಗಿಸಿ ವಾಪಸು ಬಂದರು. ಜನವರಿಯಲ್ಲಿ ಅವನು ವಿಮಾನ ಹತ್ತಿದ. ನನಗಂತೂ ಮೈಯೆಲ್ಲ ಉರಿದುಹೋಯಿತು. ಎದುರಿಗೆ ನಿಂತ ಹೆಂಡತಿಯ ಮುಖ ಬಿಟ್ಟು ಫೋನ್ ನೋಡುವ ಗಂಡಸಿಗೆ ಏನು ಹೇಳುವುದು?

ಈ ವರ್ಷ ನವೆಂಬರ್ ಮೊದಲ ವಾರ ಜಯಾ ನನ್ನನ್ನು ಕರೆದುಕೊಂಡು ಹೋದಳು. ಕೆರೆಗೆ ಕೆರೆಯೇ ಕೆಂಪಾಗಿತ್ತು. ಗಾಳಿ ಬೀಸಿದಾಗಲೆಲ್ಲ ಸಣ್ಣ ಸಣ್ಣ ಎಲೆಗಳು ನೀರಿಗೆ ಇಳಿಯುತ್ತಿದ್ದವು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಜಯಾ ಒಂದು ಮರಕ್ಕೆ ಕೈ ಊರಿಕೊಂಡು ಅತ್ತಳು. ಇವರಿರಬೇಕಿತ್ತು ಎಂದಷ್ಟೇ ಅಂದಳು, ಮತ್ತೆ ಅತ್ತಳು.

ವಾಪಸು ಬರುವಾಗ, ಯಶವಂತನಿಗೆ ಫೋಟೋ ಕಳಿಸಿದೆಯಾ ಎಂದು ಕೇಳಿದೆ. ಅವಳು ಒಂದನ್ನೂ ತೆಗೆದಿರಲಿಲ್ಲ. ನನ್ನ ಫೋನಿನಲ್ಲಿ ಬೇಕಾದಷ್ಟಿವೆ, ನಾನೇ ಕಳಿಸಲೇ ಎಂದೆ.

"ಬೇಡ ಆಂಟಿ," ಎಂದಳು ಜಯಾ, ರಸ್ತೆಯಿಂದ ಕಣ್ಣು ತೆಗೆಯದೆ. "ಫೋಟೋ ನೋಡಿದ್ರೆ ಅವರಿಗೆ ಅಷ್ಟೇ ಸಾಕಾಗ್ಬಿಡುತ್ತೆ. ಬಂದು ನೋಡ್ಲಿ."