ಬಲಗಡೆಯ ದವಡೆಹಲ್ಲು

ರೊಟ್ಟಿ ಅಗಿಯಲು ನನ್ನ ಬಾಯಲ್ಲಿ ಉಳಿದಿರುವುದು ಒಂದೇ ಜೋಡಿ: ಬಲಗಡೆ ಮೇಲೊಂದು, ಕೆಳಗೊಂದು ದವಡೆಹಲ್ಲು. ಎಡಗಡೆ ಎಂದೋ ಖಾಲಿ. ಹೋದ ವರ್ಷ ಕೆಳಗಿನ ಹಲ್ಲು ಚಹಾ ತಾಕಿದೊಡನೆ ಚೀರತೊಡಗಿದಾಗ ನೋವಿಗಿಂತ ಹೆಚ್ಚು ಹೆದರಿಸಿದ್ದು ಇದು: ಈ ಹಲ್ಲೂ ಹೋದರೆ ಉಳಿದ ಆಯುಷ್ಯವೆಲ್ಲ ಹಾಲಲ್ಲಿ ನೆನೆಸಿದ ರೊಟ್ಟಿ. ಎಳ್ಳು ಹಚ್ಚಿದ ಕಡಕ್ ಸಜ್ಜಿರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ಕರುಂ ಕುರುಂ ಎಂದು ತಿನ್ನುವುದು ಬಿಟ್ಟರೆ ನನಗೆ ಬೇರೆ ಲಕ್ಸುರಿ ಇಲ್ಲ.

ನಾನು ಕಲಿತದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಸೈನ್ಸ್ ಸಿಸ್ಟರ್ ಬೋರ್ಡಿನ ಮೇಲೆ ಹಲ್ಲನ್ನು ಉದ್ದಕ್ಕೆ ಸೀಳಿದ ಚಿತ್ರ ಬರೆಯುತ್ತಿದ್ದರು. ಹೊರಗೆ ಇನಾಮಲ್, ಒಳಗೆ ಡೆಂಟಿನ್, ನಟ್ಟನಡುವೆ ಪಲ್ಪ್. "ಲೇಬಲ್ ಇಟ್ ನೀಟ್ಲಿ, ಗರ್ಲ್ಸ್" ಎನ್ನುವ ಅವರ ದನಿ ಇನ್ನೂ ಕಿವಿಯಲ್ಲಿದೆ. ಪಲ್ಪಿಗೆ ಕೆಂಪು ಪೆನ್ಸಿಲ್ ತೀಡಿ ನಾನು 'ವೆರಿ ಗುಡ್' ಗಿಟ್ಟಿಸಿದ್ದೆ. ರಕ್ತ, ನರ ಎಲ್ಲ ಇರುವ ಆ ಮೆತ್ತಗಿನದರ ಸುತ್ತ ಗಟ್ಟಿ ಗೋಡೆ, ಬಾತರೆ ಹಿಗ್ಗಲು ಜಾಗವಿಲ್ಲ ಎಂದು ಸಿಸ್ಟರ್ ಹೇಳಿದ್ದರು. ಅದು ಅರ್ಥವಾದದ್ದು ಅರವತ್ತು ವರ್ಷ ಕಳೆದ ಮೇಲೆ, ರಬಕವಿಯ ನಮ್ಮ ಅಡುಗೆಮನೆಯಲ್ಲಿ. ಬಿಸಿಯೇನು, ತಣ್ಣಗೇನು, ಪಲ್ಪಿಗೆ ಎಲ್ಲವೂ ನೋವೇ. ಮೊದಮೊದಲು ಯಾವ ಹಲ್ಲು ಎಂದೂ ತಿಳಿಯಲಿಲ್ಲ. ಒಮ್ಮೆ ಮೇಲಿನದು ಅನಿಸುತ್ತಿತ್ತು, ಒಮ್ಮೆ ಕಿವಿ.

ನೋವು ಬಲಿತ ಮೇಲೆ ತಣ್ಣಗಿನದು ಚುಚ್ಚುವುದನ್ನು ಬಿಟ್ಟಿತು; ತಣ್ಣೀರು ಬಾಯಲ್ಲಿ ಹಿಡಿದರೆ ಮಾತ್ರ ಸುಮ್ಮನಾಗುತ್ತಿತ್ತು. ತಂಬಿಗೆ ಹಿಡಿದುಕೊಂಡೇ ಮನೆಯೆಲ್ಲ ಓಡಾಡಿದೆ. ನೀರು ಬೆಚ್ಚಗಾದೊಡನೆ ಉಗುಳುವುದು, ಮತ್ತೆ ತುಂಬಿಕೊಳ್ಳುವುದು. ಬಾಯಿ ತುಂಬ ನೀರಿದ್ದರೆ ಮಾತಾಡುವುದು ಹೇಗೆ? ನನ್ನ ನೆಗೆಣ್ಣಿಗೆ ಹಬ್ಬ. ಮೈದುನನ ಹೆಂಡತಿ ಅವಳು, ಗಲಗಲಿಯ ಹೆಣ್ಣು; ನಲವತ್ತು ವರ್ಷದಿಂದ ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ ವಾದ ಮಾಡುತ್ತ ಬಂದವರು.

"ಅಕ್ಕಾರ, ಇಷ್ಟ ವರ್ಷಕ್ಕ ಮನಿ ತಣ್ಣಗ ಐತಿ ನೋಡ್ರಿ," ಎಂದಳು. "ಹಲ್ಲಾಗ ಹುಳ ಬಿದ್ದಾವ. ಹೊಗಿ ಹಾಕಿ ಹುಳ ತಗಿಯಾಕಿ ನಮ್ಮೂರಾಗ ಅದಾಳ. ಕರಸ್ತೇನಿ."

ನಾನ್‌ಸೆನ್ಸ್, ಜಮಖಂಡಿಯ ಡಾಕ್ಟರಿಗೆ ಗುರುವಾರದ ಅಪಾಯಿಂಟ್‌ಮೆಂಟ್ ಹೇಳಿಟ್ಟಿದ್ದೇನೆ ಎನ್ನಬೇಕಿತ್ತು. ನೀರು ಉಗುಳಿ ಬರುವಷ್ಟರಲ್ಲಿ ಅವಳು ಫೋನ್ ಮಾಡಿ ಮುಗಿಸಿದ್ದಳು.

ಮರುದಿನ ಬೆಳಗಿನ ಬಸ್ಸಿಗೆ ಮುದುಕಿ ಬಂದಳು. ಯಾವುದೋ ಮುಳ್ಳುಗಿಡದ ಒಣಬೀಜವನ್ನು ಎಣ್ಣೆಯಲ್ಲಿ ಕಲಸಿ, ಕಾದ ಕಬ್ಬಿಣದ ಮೇಲೆ ಉದುರಿಸಿ, ಕೊಳವೆಯಿಂದ ಹೊಗೆಯನ್ನು ನನ್ನ ಬಾಯಿಗೆ ಬಿಟ್ಟಳು. ಕೆಳಗೆ ನೀರು ತುಂಬಿದ ಅಗಲ ಪರಾತ. ಕಣ್ಣು, ಮೂಗು, ಬಾಯಿ ಎಲ್ಲ ಸೋರುತ್ತಿದ್ದಾಗ ನೆಗೆಣ್ಣಿ ಕೂಗಿದಳು: "ಬಿತ್ತು ನೋಡ್ರಿ ಹುಳ! ಒಂದು... ಎರಡು!" ಪರಾತದಲ್ಲಿ ಬಿಳಿಯ ಎಳೆಗಳು ತೇಲುತ್ತಿದ್ದವು. ಬಿಸಿಗೆ ಬೀಜ ಒಡೆದು ಹೊರಬಿದ್ದ ಮೊಳಕೆ ಅವು ಎಂದು ನನಗೆ ಗೊತ್ತಿತ್ತು.

ಆದರೆ ಎರಡು ದಿನಕ್ಕೆ ನೋವು ನಿಂತೇಬಿಟ್ಟಿತು. ಬಿಸಿ ಚಹಾ ಹೀರಿದೆ, ಏನೂ ಆಗಲಿಲ್ಲ. ರೊಟ್ಟಿ ಅಗಿದೆ, ಏನೂ ಆಗಲಿಲ್ಲ. ನೆಗೆಣ್ಣಿ ಓಣಿಯಲ್ಲೆಲ್ಲ ಡಂಗುರ ಸಾರಿದಳು. ನೇಕಾರರ ಊರು ನಮ್ಮದು; ಮನೆಮನೆಯ ಮಗ್ಗದ ಸದ್ದನ್ನೂ ಮೀರಿ ಅವಳ ದನಿ ಕೇಳಿಸುತ್ತಿತ್ತು. ಮತ್ತೆ ನಾನು? ಇಂಗ್ಲಿಷ್ ಕಲಿಸಿ ರಿಟೈರ್ ಆದ, ಲೇಬಲ್ ಹಚ್ಚಿ ವೆರಿ ಗುಡ್ ತಗೊಂಡ ಮಹಾ ಎಜುಕೇಟೆಡ್ ಹೆಂಗಸು? ಫೋನ್ ಮಾಡಿ ಗುರುವಾರದ ಅಪಾಯಿಂಟ್‌ಮೆಂಟ್ ಕ್ಯಾನ್ಸಲ್ ಮಾಡಿದೆ. ನೆಗೆಣ್ಣಿಯ ಮೇಲೆ ಇರುವಷ್ಟೇ ಸಿಟ್ಟು ಆ ಫೋನ್ ಮಾಡಿದ ನನ್ನ ಮೇಲೂ ಇದೆ.

ಎರಡು ತಿಂಗಳಿಗೆ ಆ ಹಲ್ಲಿನ ಬುಡದಲ್ಲಿ, ಒಸಡಿನ ಮೇಲೆ ಕಾಳಿನಷ್ಟು ಗುಳ್ಳೆ ಎದ್ದಿತು. ಒತ್ತಿದರೆ ಕೆಟ್ಟ ರುಚಿ. ಯಾರಿಗೂ ಹೇಳದೆ ಜಮಖಂಡಿ ಬಸ್ಸು ಹತ್ತಿದೆ.

ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಬರ್ಫದಂತೆ ಕೊರೆಯುತ್ತಿದ್ದ ಅರಳೆಯ ಉಂಡೆಯನ್ನು ಮುಂದಿನ ಹಲ್ಲಿಗೆ ತಾಗಿಸಿದಳು, ಕುರ್ಚಿಯಿಂದ ಹಾರಿದೆ. ದವಡೆಹಲ್ಲಿಗೆ ತಾಗಿಸಿದಳು. ಕಾದೆ. ಏನೂ ಇಲ್ಲ.

"ನೋವು ಯಾವಾಗ ನಿಂತಿತ್ರಿ ಅಮ್ಮಾರ?"

ಹೊಗೆಯ ಕತೆ ಹೇಳಲೇಬೇಕಾಯಿತು. ಅವಳು ನಗಲಿಲ್ಲ; ನಕ್ಕಿದ್ದರೆ ವಾಸಿಯಿತ್ತು.

"ಹುಳ ಹೋಗಿ ನೋವು ನಿಂತಿಲ್ರಿ. ಒಳಗಿನ ನರ ಸತ್ತೈತಿ, ಅದಕ್ಕ ನಿಂತೈತಿ. ಸತ್ತದ್ದು ಒಳಗ ಕೊಳತು ಬೇರಿನ ತುದೀಗೆ ಕೀವು ಕಟ್ಟೈತಿ. ಅದು ಚೀರುವಾಗಽ ಬರಬೇಕಿತ್ತು ನೀವು."

"ಹಲ್ಲು ಉಳಿಯುತ್ತೇನವ್ವಾ?"

ಅವಳು ಎಕ್ಸ್‌ರೇ ಬೆಳಕಿಗೆ ಹಿಡಿದಳು. ಸಿಸ್ಟರ್ ಬರೆದ ಚಿತ್ರವೇ, ಕಪ್ಪುಬಿಳುಪಿನಲ್ಲಿ. ನಾನು ಕೆಂಪು ತೀಡಿದ್ದ ಜಾಗ ಈಗ ಕಪ್ಪು, ಬೇರಿನ ತುದಿಗೆ ಒಂದು ಸಣ್ಣ ಕತ್ತಲೆ. ಆ ನರ ನನ್ನ ಜೊತೆಗೇ ಇಷ್ಟು ವರ್ಷ ಬದುಕಿ, ಸಾಯುವಾಗ ಬಾಯಿಬಿಟ್ಟು ಕೂಗಿತ್ತು. ನಾನು ಅದಕ್ಕೆ ಹೊಗೆ ಹಾಕಿಸಿ, ಸುಮ್ಮನಾದದ್ದಕ್ಕೆ ಖುಷಿಪಟ್ಟಿದ್ದೆ.

"ಬೇರು ಗಟ್ಟಿ ಅದಾವ್ರಿ. ರೂಟ್ ಕೆನಾಲ್ ಮಾಡಿ ನೋಡೂಣು. ಆದರ ನಾ ಹೇಳೂತನಕ ಕಡಕ್ ರೊಟ್ಟಿ ಬ್ಯಾಡ."

ನಾಲ್ಕು ಸಲ ಹೋದೆ; ಎರಡನೆಯ ಸಲಕ್ಕೇ ಮನೆಯಲ್ಲಿ ಗುಟ್ಟು ರಟ್ಟಾಯಿತು. ಕೂದಲಿನಷ್ಟು ಸಪೂರ ಸೂಜಿಗಳಿಂದ ಬೇರಿನ ಒಳಗನ್ನು ಕೆರೆದು, ತೊಳೆದು, ಔಷಧ ಇಟ್ಟು, ಗುಳ್ಳೆ ಒಣಗಿದ ಮೇಲೆ ತುಂಬಿ ಮುಚ್ಚಿದಳು. ಕೊನೆಗೆ ಮೇಲೊಂದು ಕ್ಯಾಪ್. "ಇನ್ನ ಇದಕ್ಕ ಬಿಸಿ-ತಣ್ಣಗ ಗೊತ್ತಾಗಂಗಿಲ್ರಿ. ಕೆಟ್ಟರೂ ಮೊದಲಿನಂಗ ಕೂಗಂಗಿಲ್ಲ. ಆರು ತಿಂಗಳಿಗೊಮ್ಮೆ ನೀವಽ ಬಂದು ತೋರಿಸಬೇಕು," ಎಂದಳು.

ಕಡಕ್ ರೊಟ್ಟಿಗೆ ಪರ್ಮಿಷನ್ ಸಿಕ್ಕ ದಿನ ನೆಗೆಣ್ಣಿಯೇ ಎಳ್ಳು ಹಚ್ಚಿದ ಸಜ್ಜಿರೊಟ್ಟಿ ಬಡಿದಳು. ಕೆನೆಮೊಸರು, ಶೇಂಗಾ ಚಟ್ನಿ. ಹೆದರುತ್ತಲೇ ಬಲಗಡೆಗೆ ತಳ್ಳಿ ಕಚ್ಚಿದೆ. ಕರುಂ ಎಂದಿತು. ಹಲ್ಲು ಗಟ್ಟಿಯಾಗಿ ನಿಂತಿತು.

ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ಕೇಳಿದಳು, "ಹಲ್ಲು ಆರಾಮಾತೇನ್ರಿ?"

"ಆಗದ ಏನು?" ಎಂದಳು ನೆಗೆಣ್ಣಿ, ಒಲೆಯ ಮುಂದಿನಿಂದ ಏಳದೆ. "ಮೊದಲಽ ಹುಳ ತಗಸಿದ್ನಲ್ಲ, ಡಾಕ್ಟರಗ ಕೆಲಸ ಹಗುರಾತು."

ಉತ್ತರ ಕೊಡಬೇಕೆಂದು ತಲೆ ಎತ್ತಿದೆ. ಬಾಯಿ ತುಂಬ ರೊಟ್ಟಿ. ಅವಳು ಇನ್ನೊಂದು ರೊಟ್ಟಿಯನ್ನು ನನ್ನ ತಾಟಿಗೆ ಹಾಕಿದಳು.