ತೊಟ್ಟಿಲ ಮೇಲಿನ ಹೆಂಗಸು

ಗೆಳತಿಯರೇ, ಇವತ್ತು ನಮ್ಮ ಜಗುಲಿಯಲ್ಲಿ ಚಿತ್ರಕಲೆಯ ಬಗ್ಗೆ ಜಗಳವಾಯಿತು. ಜಟಕಾಗಳಿಗೆ ಬಣ್ಣ ಹಚ್ಚುವ ಗುತ್ತಲಿನ ಇಮಾಮ್ ಸಾಬರು ನನ್ನ ಮಗುವಿನ ತೊಟ್ಟಿಲಿಗೆ ಚಿತ್ರ ಬರೆದು ತಂದಿದ್ದರು. ಯುದ್ಧದಿಂದಾಗಿ ನೀಲಿ ಬಣ್ಣ ಸಿಗುವುದೇ ಕಷ್ಟ. ಇದ್ದದ್ದನ್ನೆಲ್ಲ ಆಕಾಶಕ್ಕೇ ಸುರಿದಿದ್ದರು. ಬೆಳದಿಂಗಳಲ್ಲಿ ಮೈಮರೆತು ಕುಳಿತ ಹೆಂಗಸು, ಪಕ್ಕದಲ್ಲೊಂದು ತೊಟ್ಟಿಲು.

ಖಾಲಿ ತೊಟ್ಟಿಲನ್ನು ತೂಗಲೂ ಬಿಡದ ನಮ್ಮತ್ತೆ ಹೌಹಾರಿದರು. “ಬರೀ ತೊಟ್ಲು ಬರ್ದ್‌ಬುಟ್ಟಿದ್ದೀಯಲ್ಲ ಸಾಬಣ್ಣ! ನಾಳೀಕೆ ಕೂಸ್ನ ತೊಟ್ಲಿಗೆ ಆಕಿ ಎಸ್ರು ಇಡ್ಬೇಕು ಕಣಪ್ಪ!”

“ಮಗ ಒಳ್ಗೆ ಮಲ್ಗವ್ನೆ ಕಣವ್ವ. ಅಂಚು ಎತ್ರ, ಕಾಣಕಿಲ್ಲ.”

“ಒಂದು ಕೈಯಾದ್ರೂ ಕಾಣಂಗೆ ಬರಿ.”

ನನಗೂ ಭಯವೇ. ನಿದ್ದೆಗೆಟ್ಟು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿರುವವಳು ನಾನು. ಸಾಬರು ಅಂಚಿನ ಮೇಲೆ ಪುಟ್ಟ ಕೈಯೊಂದನ್ನು ಬರೆದರು.

ಅತ್ತೆಗೆ ಈಗ ಬೇರೆ ಸಿಟ್ಟು. “ಮಗ ಎದ್ದು ಕೈ ಎತ್ತವ್ನೆ, ಇವ್ಳು ಚಂದ್ರನ್ನ ನೋಡ್ಕಂಡು ಕುಂತವ್ಳಲ್ಲ! ಮೊಕ ಈ ಕಡೀಕೆ ತಿರುಗ್ಸು.”

ಈ ಕಾಲದ ಚಿತ್ರಗಾರರು ಬರೆಯುವುದೆಲ್ಲ ಹಗಲುಗನಸು, ಅದು ಬದುಕಿನಿಂದ ಮುಖ ತಿರುಗಿಸುವ ಕೆಲಸ ಎಂದು ಕಾಲೇಜಿನಲ್ಲಿ ವಾದಿಸಿ ಗೆದ್ದವಳು ನಾನೇ. ನಿಮಗೆ ನೆನಪಿರಬೇಕು. ಇವತ್ತು ಸಾಬರು ಮತ್ತೆ ಕುಂಚ ಅದ್ದಿದಾಗ ನನಗೆ ತಡೆಯಲಾಗಲಿಲ್ಲ.

“ಬೇಡಿ ಸಾಬರೇ. ಒಂದು ಗಳಿಗೆ ಚಂದ್ರನನ್ನು ನೋಡಲಿ ಬಿಡಿ, ಪಾಪ.”

ಅತ್ತೆ ನನ್ನ ಮುಖವನ್ನೇ ನೋಡಿದರು. ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಚಿತ್ರದ ಹೆಂಗಸು ಕದಲಲಿಲ್ಲ. ನಾನು ಎದ್ದು ಓಡಿದೆ.