ಮೊದಲು ಕರೆಂಟು, ಆಮೇಲೆ ಕತ್ತರಿ

ನನ್ನ ಎಡ ಮೊಲೆಯಲ್ಲಿ ಗಂಟು ಕೈಗೆ ಸಿಕ್ಕಿದಾಗ ನನಗೆ ಎಪ್ಪತ್ತೊಂದು. ಸ್ನಾನ ಮಾಡುವಾಗ ತಗುಲಿತು, ಹುಣಸೆ ಬೀಜದಷ್ಟು. ಒತ್ತಿದರೂ ನೋವಿಲ್ಲ. ಪಾರ್ವತಿನಗರದ ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ನನ್ನ ಗಂಡ. ನಮಗೆ ಮಕ್ಕಳಾಗಲಿಲ್ಲ. ನಾನು ಸರ್ಕಾರಿ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಅವರು ಬ್ರೂಸ್‌ಪೇಟೆಯಲ್ಲಿ ಕಾಳುಕಡಿ ಅಂಗಡಿ ನಡೆಸುತ್ತಿದ್ದರು, ಮಂಡಿನೋವು ಬಂದ ಮೇಲೆ ಮುಚ್ಚಿದರು. ಎರಡು ದಿನ ಯಾರಿಗೂ ಹೇಳದೆ ಇದ್ದು, ಮೂರನೆಯ ದಿನ ಒಬ್ಬಳೇ ಆಟೋ ಹತ್ತಿ ಆಸ್ಪತ್ರೆಗೆ ಹೋದೆ.

ಪರೀಕ್ಷೆಗಳಾದವು. ಸೂಜಿ ಚುಚ್ಚಿ ಗಂಟಿನ ಚೂರು ತೆಗೆದರು. ರಿಪೋರ್ಟ್ ಬರುವ ದಿನ ಗಂಡನೂ ಜೊತೆಗೆ ಬಂದರು. ಡಾಕ್ಟರು ನನ್ನ ವಿದ್ಯಾರ್ಥಿನಿಯಾಗಿರಬಹುದಾದಷ್ಟು ಚಿಕ್ಕ ಹೆಣ್ಣುಮಗಳು. ಸುತ್ತಿ ಬಳಸಿ ಮಾತಾಡಲಿಲ್ಲ. ಕ್ಯಾನ್ಸರ್ ಹೌದು, ಆದರೆ ಇನ್ನೂ ಶುರುವಿನಲ್ಲಿದೆ, ಕಂಕುಳಿಗೆ ಹೋಗಿಲ್ಲ ಎಂದರು. ಸಾಮಾನ್ಯವಾಗಿ ಮೊದಲು ಆಪರೇಷನ್ ಮಾಡಿ, ಗಾಯ ಮಾಗಿದ ಮೇಲೆ ರೇಡಿಯೇಷನ್ ಕೊಡುತ್ತಾರಂತೆ. ನನ್ನ ವಯಸ್ಸಿನವರಲ್ಲಿ, ಗಂಟು ಇಷ್ಟು ಸಣ್ಣದಿದ್ದಾಗ, ಅದನ್ನೇ ತಿರುವಿ ಮಾಡುವ ಕ್ರಮವೂ ಈಗ ಬಂದಿದೆಯಂತೆ. ಮೊದಲು ಐದು ದಿನ ರೇಡಿಯೇಷನ್, ಕೆಲವು ವಾರ ಬಿಟ್ಟು ಆಪರೇಷನ್, ಅದೂ ಗಂಟನ್ನಷ್ಟೇ ತೆಗೆಯುವುದು. ಗಂಟು ಇದ್ದಲ್ಲೇ ಇರುವಾಗ ಗುರಿ ಇಡುವುದು ಸುಲಭ ಅಂದರು. ಇದು ಹೊಸದು, ಎಲ್ಲರಿಗೂ ಹೊಂದುವುದಿಲ್ಲ, ಗಾಯ ಮಾಗುವುದು ಸ್ವಲ್ಪ ತಡವಾಗಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಯಾವುದು ಬೇಕೆಂದು ನೀವೇ ಯೋಚಿಸಿ ಹೇಳಿ ಎಂದರು.

ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದ ನನ್ನ ಗಂಡ ಆಗ ಬಾಯಿ ಬಿಟ್ಟರು.

"ಈ ವಯಸ್ಸಿನಾಗ ಅದನ್ನ ಇಟ್ಕೊಂಡು ಏನ್ ಮಾಡಾಕಿ? ಪೂರ್ತಿ ತೆಗದುಬಿಡ್ರಿ ಡಾಕ್ಟ್ರೇ. ಹೆಂಗೂ ಯಾತಕ್ಕೂ ಬರಲಿಲ್ಲ ಅದು."

ಸಿಟ್ಟಿನಲ್ಲಿ ಹೇಳಿದ್ದಲ್ಲ. ಹುಳ ಬಿದ್ದ ಚೀಲವನ್ನು ಆಚೆ ಹಾಕಿಸುವಾಗ ಹಮಾಲರಿಗೆ ಹೇಳುತ್ತಿದ್ದ ಅದೇ ದನಿ. ಕೂಸಿನ ಬಾಯಿಗೆ ಹೋಗದ ಮೊಲೆ ಯಾತಕ್ಕೂ ಬರಲಿಲ್ಲ ಎಂದು ನಲವತ್ತೆಂಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೋ, ಆ ಗಳಿಗೆಗೆ ಹೊಳೆಯಿತೋ, ನನಗೆ ಗೊತ್ತಿಲ್ಲ. ಡಾಕ್ಟರು ಪೆನ್ನು ಕೆಳಗಿಟ್ಟು, "ನಾನು ಕೇಳಿದ್ದು ಅವರನ್ನ" ಎಂದು ನನ್ನ ಕಡೆ ತೋರಿಸಿದರು. "ಮೊದಲ ಕರೆಂಟ್ ಕೊಡ್ರಿ" ಎಂದೆ. ನಮ್ಮ ಕಡೆ ರೇಡಿಯೇಷನ್‌ಗೆ ಹಾಗೇ ಅನ್ನುವುದು.

ಕರೆಂಟ್ ಕೊಡಲು ದಿನ ಗೊತ್ತಾಯಿತು. ಅದರ ಹಿಂದಿನ ದಿನ ನನ್ನ ಗಂಡ ಸಿರುಗುಪ್ಪದ ಬಸ್ಸು ಹತ್ತಿದರು. ಅವರ ಊರು ಅಲ್ಲೇ ಹತ್ತಿರದ ದೇಶನೂರು, ಅಣ್ಣ ಅಲ್ಲಿ ಗದ್ದೆ ಮಾಡುತ್ತಾರೆ. ನೆಲ್ಲು ಕೊಯ್ಯುವ ಮಷಿನ್ ಬಂದಿದೆ, ಅಣ್ಣನಿಗೆ ಒಬ್ಬನಿಗೇ ಆಗುವುದಿಲ್ಲ ಎಂದರು. ಗದ್ದೆಗೆ ಕಾಲಿಟ್ಟು ಮೂವತ್ತು ವರ್ಷವಾದ ಮನುಷ್ಯ. ನಾನು ಕುರುಗೋಡಿಗೆ ಫೋನ್ ಮಾಡಿ ತಂಗಿಗೆ ಹೇಳಿದೆ. ಆರು ವರ್ಷ ಚಿಕ್ಕವಳು, ನಮ್ಮ ತವರುಮನೆಯಲ್ಲೇ ಸಂಸಾರ ಮಾಡಿಕೊಂಡಿದ್ದಾಳೆ. ಸಂಜೆಯೊಳಗೆ ಚೀಲ ಹಿಡಿದು ಬಾಗಿಲಲ್ಲಿದ್ದಳು.

ಆ ಐದು ದಿನಗಳಲ್ಲಿ ನೋವೇನೂ ಇರಲಿಲ್ಲ. ಎದೆಯ ಮೇಲೆ ಬಣ್ಣದ ಗೆರೆ ಎಳೆದು, ಅಳಿಸಬೇಡಿ ಎಂದಿದ್ದರು. ಎರಡೂ ಕೈ ತಲೆಯ ಮೇಲೆತ್ತಿ ಅಲುಗದೆ ಮಲಗಬೇಕು. ಮುದಿ ಭುಜಕ್ಕೆ ಅದೇ ಕಷ್ಟ. ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಹಾಕಿಕೊಳ್ಳುತ್ತಿದ್ದರು, ಮಷಿನ್ ಗುಂಯ್ ಅಂತ ನನ್ನ ಸುತ್ತ ತಿರುಗುತ್ತಿತ್ತು. ನಾನು ಒಂದು, ಎರಡು ಎಂದು ಎಣಿಸುತ್ತಿದ್ದೆ. ಹೊರಗೆ ಬೆಂಚಿನ ಮೇಲೆ ತಂಗಿ ನೀರಿನ ಬಾಟಲಿ ಹಿಡಿದು ಕೂತಿರುತ್ತಿದ್ದಳು. ಸೀರೆಯ ಮೇಲೆ ಬಿಗಿ ಜಾಕೀಟು, ಅಂದರೆ ರವಿಕೆ, ಹಾಕಬಾರದೆಂದಿದ್ದರಿಂದ ಬ್ರೂಸ್‌ಪೇಟೆಗೆ ಹೋಗಿ ಮೆತ್ತನೆಯ ಮಲ್ ಬಟ್ಟೆ ತಂದು, ಕೈಯಲ್ಲೇ ಎರಡು ಸಡಿಲ ಜಾಕೀಟು ಹೊಲಿದುಕೊಟ್ಟಳು. ಗಂಡನ ಫೋನ್ ಒಂದೇ ಸಲ ಬಂತು. ಅಣ್ಣನ ಮನೆಯವರು ಕೇಳಿದ್ದಾರೆ, ಉಪ್ಪಿನಕಾಯಿಗೆ ನೀನು ಮೆಂತ್ಯ ಎಷ್ಟು ಹಾಕುತ್ತೀ ಎಂದರು. ಹೇಳಿದೆ.

ಆಪರೇಷನ್ನಿಗೆ ಇನ್ನೂ ವಾರಗಳಿದ್ದವು. ಸುಸ್ತು, ಚರ್ಮ ಬಿಸಿಲಿಗೆ ಸುಟ್ಟ ಹಾಗೆ ಕಪ್ಪಾಗಿತ್ತು. ತಂಗಿ ನನ್ನನ್ನು ಕುರುಗೋಡಿಗೆ ಕರೆದುಕೊಂಡು ಹೋದಳು. ಗುಡ್ಡದ ಬಂಡೆಗಳು ಕಾದು ಸಂಜೆಯವರೆಗೂ ಬಿಸಿಗಾಳಿ. ಗಂಟು ಒಳಗೇ ಇತ್ತು. ಸ್ನಾನಕ್ಕೆ ಹೋದಾಗಲೆಲ್ಲ ಮುಟ್ಟಿ ನೋಡುತ್ತಿದ್ದೆ. ಸಣ್ಣದಾಯಿತು ಅನ್ನಿಸುತ್ತಿತ್ತು, ಮರುದಿನ ಇಲ್ಲ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ತಂಗಿ ರೊಟ್ಟಿ ಬಡಿಯುತ್ತಿದ್ದಳು. ನಾನು ಗಂಡನ ಮಾತನ್ನು ಮತ್ತೆ ತೆಗೆದೆ. ದಿನಾ ತೆಗೆಯುತ್ತಿದ್ದೆ. ಇಷ್ಟು ವರ್ಷ ಜೊತೆಗಿದ್ದ ಮನುಷ್ಯರು ಜಡ್ಡು ಬಂದ ಕೂಡಲೇ ಹೀಗೆ ದೂರ ಹೇಗೆ ಸರಿಯುತ್ತಾರೆ ಎಂದು ಕೇಳಿದೆ.

"ಅಕ್ಕ, ನೀ ಅವ್ವನ ಖೋಲಿಗಿ ಹೋಗಿದ್ದೇನು?" ಎಂದಳು.

ನಮ್ಮ ಅವ್ವ ಸತ್ತದ್ದೂ ಇದೇ ರೋಗದಲ್ಲಿ, ಇದೇ ಮನೆಯ ಹಿಂದಿನ ಖೋಲಿಯಲ್ಲಿ. ಆಗ ನನಗೆ ಹದಿನೈದು, ಅವಳಿಗೆ ಒಂಬತ್ತು. ಅವ್ವ ನಾಚಿಕೆಗೆ ಯಾರಿಗೂ ತೋರಿಸದೆ, ಅದು ಹುಣ್ಣಾಗಿ ಒಡೆದಿತ್ತು. ಹೊಸ್ತಿಲಿಗೇ ವಾಸನೆ ಬರುತ್ತಿತ್ತು.

"ತಾಟು ಬಾಗಲದಾಗ ಇಟ್ಟು ಓಡಿ ಬರ್ತಿದ್ದಿ. ಒಳಗ ಒಯ್ದು ಉಣ್ಣಸ್ತಿದ್ದಾಕಿ ನಾನು. ಅಕ್ಕ ಯಾಕ ಬರವಲ್ಲಳು ಅಂತ ಅಕಿ ದಿನಾ ಕೇಳ್ತಿದ್ಲು. ಪರೀಕ್ಷಾ ಐತಿ ಅಂತ ಹೇಳ್ತಿದ್ದೆ."

ಆ ವರ್ಷ ಪರೀಕ್ಷೆ ಇದ್ದದ್ದು ನಿಜ. ಓದುತ್ತಿದ್ದೆ ಎಂದೇ ಇಷ್ಟು ವರ್ಷ ನನಗೆ ನಾನು ಹೇಳಿಕೊಂಡು ಬಂದಿದ್ದೆ. ಇದನ್ನು ಈಗ ಯಾಕೆ ಹೇಳಿದೆ ಎಂದು ಕೇಳಿದೆ. ನೀನೇ ಕೇಳಿದಿಯಲ್ಲ ಎಂದಳು, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಗಂಡನ ಸುದ್ದಿಯನ್ನು ಅವಳ ಮುಂದೆ ಮತ್ತೆ ತೆಗೆಯಲಿಲ್ಲ.

ಆಪರೇಷನ್ ಆಯಿತು. ತೆಗೆದದ್ದು ನಿಂಬೆಹಣ್ಣಿನಷ್ಟು ಮಾಂಸ. ಗಂಟಿನ ಸುತ್ತ ರೋಗ ಉಳಿದಿಲ್ಲ ಎಂದು ರಿಪೋರ್ಟ್ ಬಂತು. ಡಾಕ್ಟರ ಮುಖದಲ್ಲಿ ನನಗಿಂತ ಹೆಚ್ಚು ಸಂತೋಷವಿತ್ತು.

ಆಸ್ಪತ್ರೆಗೇ ನೋಡಲು ಜನ ಬಂದರು. ಅಷ್ಟರಲ್ಲಿ ಊರಿನಿಂದ ಮರಳಿದ್ದ ನನ್ನ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಂಚದ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಬಂದವರಿಗೆಲ್ಲ ಅವರೇ ವಿವರಿಸಿದರು. "ಹೊಸಾ ಪದ್ಧತಿರಿ ಇದು. ಮೊದಲ ಕರೆಂಟ್, ಆಮ್ಯಾಲ ಆಪರೇಷನ್. ಅಕಿ ಅಂಜಿದ್ಲು, ನಾನ ಧೈರ್ಯ ಹೇಳಿದೆ." ಬಂದವರು ತಲೆದೂಗಿ, ಇಂಥ ಗಂಡ ಸಿಗಬೇಕಾದರೆ ಪುಣ್ಯ ಬೇಕು ಎಂದರು. ತಂಗಿ ಮೋಸಂಬಿ ಸುಲಿಯುವುದು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಗೋಡೆಯ ಕಡೆ ತಿರುಗಿದೆ.

ಮನೆಗೆ ಬಂದು ತಿಂಗಳಾದ ಮೇಲೆ ಒಂದು ದಿನ ಚಹಾ ಕುಡಿಯುವಾಗ, ಆವತ್ತು ಡಾಕ್ಟರ ಮುಂದೆ ನೀವು ಆಡಿದ ಮಾತು ನನಗೆ ನೆನಪಿದೆ ಎಂದು ಗಂಡನಿಗೆ ಹೇಳಿದೆ. ಅವರು ಲೋಟ ಇಳಿಸಿ ನನ್ನನ್ನು ನೋಡಿದರು. "ಏನ್ ಅಂದಿದ್ದೆ?" ಎಂದರು. ನಾಟಕ ಅಲ್ಲ. ನಿಜವಾಗಿಯೂ ನೆನಪಿರಲಿಲ್ಲ. ನೆನಪಿಸಬೇಕೆಂದರೆ ಆ ಮಾತನ್ನು ನನ್ನ ಬಾಯಿಯಿಂದಲೇ ಆಡಬೇಕಿತ್ತು. ಅದು ನನ್ನಿಂದಾಗಲಿಲ್ಲ. ಏನಿಲ್ಲ ಎಂದು ಲೋಟ ಎತ್ತಿಕೊಂಡು ಒಳಗೆ ಹೋದೆ.

ಈಗ ಆರು ತಿಂಗಳಿಗೊಮ್ಮೆ ತೋರಿಸಬೇಕು. ಎಡಗಡೆಯದು ತುಸು ಸಣ್ಣದಾಗಿದೆ, ಒಂದು ಮಗ್ಗುಲು ಗಟ್ಟಿಯಿದೆ. ಡಾಕ್ಟರು ಒತ್ತಿ ನೋಡಿ ಚೆನ್ನಾಗಿದೆ ಅನ್ನುತ್ತಾರೆ. ನಾನು ಒಬ್ಬಳೇ ಹೋಗುತ್ತೇನೆ. ಯಾವತ್ತು ಹೋಗುತ್ತೇನೆಂದು ಗಂಡನಿಗೆ ಹೇಳುವುದಿಲ್ಲ, ಅವರೂ ಕೇಳುವುದಿಲ್ಲ.